ನೂರು ರೂಪಾಯಿಗೆ 971 ಮಿ.ಲೀ.: ಪೆಟ್ರೋಲ್ ದರ ಕಟ್ಟುವವರು ಯಾರು?

ಮೈಸೂರು ರಸ್ತೆಯ ಬಂಕ್ ಒಂದರಲ್ಲಿ ಬೆಳಿಗ್ಗೆ ಏಳೂವರೆ. ನನ್ನ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡಿದ್ದ ಡೆಲಿವರಿ ಹುಡುಗ, ಬೆನ್ನಿನ ಚೌಕ ಚೀಲ ಇಳಿಸದೆಯೇ, "ನೂರಕ್ಕೆ ಹಾಕಣ್ಣ" ಅಂದ. "ಝೀರೋ ನೋಡ್ಕೊ" ಎನ್ನುತ್ತ ಬಂಕಿನವರು ಪೈಪು ಎತ್ತಿದರು. ಹಣದ ಸಾಲು 100.00ಕ್ಕೆ ಬಂದು ನಿಂತಾಗ ಅದರ ಕೆಳಗಿನ ಲೀಟರ್ ಸಾಲು 0.97ರಲ್ಲಿತ್ತು. ಹುಡುಗ ಅದನ್ನು ನೋಡಲೂ ಇಲ್ಲ. ಮುಚ್ಚಳ ತಿರುಗಿಸಿ ಹೊರಟ. ನೂರು ಕೊಟ್ಟರೆ ಒಂದು ಲೀಟರ್ ಬರುವುದಿಲ್ಲ ಎನ್ನುವುದು ಈ ಊರಿಗೆ 2021ರ ಜೂನ್‌ನಿಂದಲೇ ಅಭ್ಯಾಸವಾಗಿದೆ. ನಡುವೆ 2024ರ ಮಾರ್ಚ್‌ನಿಂದ ಜೂನ್‌ವರೆಗೆ ಮೂರು ತಿಂಗಳು ದರ 99.84 ರೂಪಾಯಿ ಇತ್ತು, ಅಷ್ಟೇ.

2025ರಲ್ಲಿ ಬೆಂಗಳೂರಿನ ದರ 102 ರೂಪಾಯಿ 92 ಪೈಸೆಯ ಆಸುಪಾಸಿನಲ್ಲೇ ಇತ್ತು. ಇಲ್ಲಿನ ಲೆಕ್ಕಗಳಿಗೆಲ್ಲ ನಾನು ಹಿಡಿದಿರುವುದು ಅದೇ ಅಂಕಿ. ಆ ಅಂಕಿ ಹೆಚ್ಚಾಯಿತೇ ಕಡಿಮೆಯಾಯಿತೇ ಅನ್ನುವುದಕ್ಕಿಂತ, ಅದು ಅಷ್ಟು ಕಾಲ ಕದಲದೆ ಹೇಗೆ ನಿಂತಿತು ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. ಯಾಕೆಂದರೆ ಕಾಗದದ ಮೇಲೆ ಈ ದೇಶದಲ್ಲಿ ಪೆಟ್ರೋಲ್ ದರ ದಿನಾ ಬದಲಾಗಬೇಕು. 2010ರ ಜೂನ್‌ನಲ್ಲಿ ಪೆಟ್ರೋಲನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲನ್ನೂ ಸರ್ಕಾರ ತನ್ನ ಹಿಡಿತದಿಂದ ಬಿಟ್ಟಿತು. 2017ರ ಜೂನ್ 16ರಿಂದ ಪ್ರತಿದಿನ ಬೆಳಿಗ್ಗೆ ಆರಕ್ಕೆ ಹೊಸ ದರ ಎಂಬ ಪದ್ಧತಿ ದೇಶದಾದ್ಯಂತ ಬಂತು. ಅಂದಿನಿಂದ ಯಾವ ಸಚಿವರನ್ನು ಕೇಳಿದರೂ ಉತ್ತರ ಒಂದೇ: ದರ ತೀರ್ಮಾನಿಸುವುದು ತೈಲ ಕಂಪನಿಗಳು, ನಮ್ಮದೇನೂ ಇಲ್ಲ.

ಈ ಮಾತನ್ನು ನಂಬುವುದು ಕನ್ನಡಿಗರಿಗಂತೂ ಕಷ್ಟ. 2018ರ ಮೇ 12ಕ್ಕೆ ನಮ್ಮ ವಿಧಾನಸಭೆಗೆ ಮತದಾನ. ಏಪ್ರಿಲ್ ಕೊನೆಯ ವಾರದಿಂದ ಸುಮಾರು ಮೂರು ವಾರ ದಿನನಿತ್ಯದ ದರ ಉಸಿರು ಬಿಗಿಹಿಡಿದಂತೆ ನಿಂತುಬಿಟ್ಟಿತು. ಕಚ್ಚಾ ತೈಲ ಏರುತ್ತಿತ್ತು, ರೂಪಾಯಿ ಇಳಿಯುತ್ತಿತ್ತು, ಬಂಕಿನ ಬೋರ್ಡು ಮಾತ್ರ ಅಲ್ಲಾಡಲಿಲ್ಲ. ಮತದಾನ ಮುಗಿದ ಎರಡನೇ ದಿನ, ಮೇ 14ರಂದು, ಏರಿಕೆ ಶುರು. ಅಲ್ಲಿಂದ ಸಾಲಾಗಿ ಏರಿ ಏರಿ ಮೇ 30ರಂದು ಕೊನೆಗೂ ಒಂದು ಇಳಿಕೆ ಬಂತು. ಎಷ್ಟು ಗೊತ್ತೇ? ಒಂದು ಪೈಸೆ. ಮೊದಲು 60 ಪೈಸೆ ಅಂದರು, ಆಮೇಲೆ ಅದು ತಪ್ಪಾಗಿತ್ತು ಎಂದು ತಿದ್ದಿಕೊಂಡರು. ಒಂದು ಪೈಸೆಯ ನಾಣ್ಯವನ್ನು ನಮ್ಮ ಮಕ್ಕಳು ನೋಡಿಯೇ ಇಲ್ಲ.

ಹಾಗಾದರೆ ಆ 102.92ರಲ್ಲಿ ಯಾರದು ಎಷ್ಟು? ದೆಹಲಿಯ ದರದ ವಿಂಗಡಣೆಯನ್ನು ಕಂಪನಿಗಳೇ ಪ್ರಕಟಿಸುತ್ತವೆ. ಅದನ್ನಿಟ್ಟುಕೊಂಡು ಬೆಂಗಳೂರಿಗೆ ಲೆಕ್ಕ ಹಾಕಿದರೆ, ಕಂಪನಿಗಳು ಡೀಲರ್‌ಗೆ ಕೊಡುವ ಮೂಲ ದರ ಸಾಗಾಟ ಸೇರಿ ಸುಮಾರು 53 ರೂಪಾಯಿ. ಡೀಲರ್ ಕಮಿಷನ್ ನಾಲ್ಕು ರೂಪಾಯಿ ಚಿಲ್ಲರೆ. ಕೇಂದ್ರದ ಎಕ್ಸೈಸ್ ಸುಂಕ 21.90. ಇವೆಲ್ಲ ಕೂಡಿದ ಮೊತ್ತದ ಮೇಲೆ ಶೇ 29.84ರಂತೆ ರಾಜ್ಯದ ಮಾರಾಟ ತೆರಿಗೆ ಸುಮಾರು 23.65. ಅಂದರೆ ಕೇಂದ್ರದ ಸುಂಕದ ಮೇಲೂ ರಾಜ್ಯ ತೆರಿಗೆ ಹಾಕುತ್ತದೆ. ಆ 21.90ರ ಮೇಲೆ ಬೀಳುವ ತೆರಿಗೆಯೇ ಆರೂವರೆ ರೂಪಾಯಿ. ಎರಡೂ ಸರ್ಕಾರಗಳದ್ದು ಸೇರಿ 45 ರೂಪಾಯಿ ದಾಟುತ್ತದೆ. ಆ ಹುಡುಗ ಕೊಟ್ಟ ನೂರರ ನೋಟಿನಲ್ಲಿ 44 ರೂಪಾಯಿ ತೆರಿಗೆಯದು.

ಕೇಂದ್ರದ 21.90ರ ಒಳಗೆ ಇನ್ನೊಂದು ಸೂಕ್ಷ್ಮ ಇದೆ. 2025ರಲ್ಲಿ ಅದರೊಳಗೆ ಮೂಲ ಸುಂಕ ಬರೀ 1.40 ಇತ್ತು. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5, ಕೃಷಿ ಸೆಸ್ 2.50. ರಾಜ್ಯಗಳ ಜತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕವನ್ನು ಮಾತ್ರ. 1.40ರಲ್ಲಿ ಶೇ 41 ರಾಜ್ಯಗಳಿಗೆ, ಅಂದರೆ 57 ಪೈಸೆ. 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಗೊತ್ತು ಮಾಡಿದ ಪಾಲು ಶೇ 3.647. ಗುಣಿಸಿ ನೋಡಿ: ಲೀಟರಿಗೆ ಎರಡು ಪೈಸೆ. ಇಪ್ಪತ್ತೆರಡು ರೂಪಾಯಿ ದೆಹಲಿಗೆ ಹೋಗಿ ಎರಡು ಪೈಸೆ ವಿಧಾನಸೌಧಕ್ಕೆ ವಾಪಸು ಬರುತ್ತಿತ್ತು. ರಾಜ್ಯ ಸರ್ಕಾರ ತನ್ನ ಮಾರಾಟ ತೆರಿಗೆಯನ್ನು ಗಟ್ಟಿಯಾಗಿ ಹಿಡಿದು ಕೂರುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ರಾಜ್ಯವನ್ನು ಪಾಪದ ಪ್ರಾಣಿ ಎಂದು ಬಗೆಯಬೇಕಿಲ್ಲ. ಕುಮಾರಸ್ವಾಮಿ ಸರ್ಕಾರ 2018ರ ಸೆಪ್ಟೆಂಬರ್‌ನಲ್ಲಿ ಎರಡು ರೂಪಾಯಿ ಇಳಿಸಿ ಹೊಗಳಿಸಿಕೊಂಡು, 2019ರ ಜನವರಿಯಲ್ಲಿ ಪೆಟ್ರೋಲ್ ತೆರಿಗೆಯನ್ನು ಶೇ 32ಕ್ಕೆ ಏರಿಸಿತು. ಯಡಿಯೂರಪ್ಪ 2020ರ ಏಪ್ರಿಲ್‌ನಲ್ಲಿ ಶೇ 35 ಮಾಡಿದರು. ಬೊಮ್ಮಾಯಿ 2021ರ ನವೆಂಬರ್‌ನಲ್ಲಿ ಲೀಟರಿಗೆ ಏಳು ರೂಪಾಯಿ ಬಿಟ್ಟರು. ತೆರಿಗೆ ಶೇ 25.92ಕ್ಕೆ ಬಂತು. ಲೋಕಸಭೆ ಚುನಾವಣೆಯ ಫಲಿತಾಂಶ ಬಂದು ಹತ್ತು ದಿನ ಕಳೆಯುತ್ತಿದ್ದಂತೆ, 2024ರ ಜೂನ್ 15ರಂದು, ಸಿದ್ದರಾಮಯ್ಯ ಸರ್ಕಾರ ಶೇ 29.84 ಮಾಡಿತು. ದರ 99.84ರಿಂದ 102.84ಕ್ಕೆ ಜಿಗಿಯಿತು. ಬಿಜೆಪಿಯವರು ಬೀದಿಗಿಳಿದರು, ಕಾಂಗ್ರೆಸ್‌ನವರು ಪಕ್ಕದ ರಾಜ್ಯಗಳ ಪಟ್ಟಿ ತೋರಿಸಿದರು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇ 18.44ರಿಂದ 21.17 ಆಯಿತು. ಅದೇ ದಿನ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ, ಕರೆಂಟು ಯೂನಿಟ್ಟಿಗೆ 36 ಪೈಸೆ ಏರಿದವು. ಎರಡು ವಾರದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ, ಕೆಲವೇ ದಿನದಲ್ಲಿ ಹಿಂದೆಗೆದುಕೊಂಡರು.

ಪಕ್ಕದ ರಾಜ್ಯದ ಪಟ್ಟಿ ಸುಳ್ಳಲ್ಲ. ಆಂಧ್ರದಲ್ಲಿ ಪೆಟ್ರೋಲ್ ಮೇಲೆ ಶೇ 31 ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ), ಅದರ ಮೇಲೆ ಲೀಟರಿಗೆ ನಾಲ್ಕು ರೂಪಾಯಿ, ಮತ್ತೆ ಒಂದು ರೂಪಾಯಿ ರಸ್ತೆ ಸೆಸ್. ಬಳ್ಳಾರಿ ರಸ್ತೆ ಹಿಡಿದು ಹೈದರಾಬಾದ್ ಕಡೆ ಹೋಗುವವರು ಬಾಗೇಪಲ್ಲಿ ದಾಟುವ ಮುನ್ನ ಟ್ಯಾಂಕ್ ತುಂಬಿಸಿಕೊಳ್ಳುವುದು ಸುಮ್ಮನೆ ಅಲ್ಲ. ಆದರೆ ನಮ್ಮದು ಪಕ್ಕದವರಿಗಿಂತ ಅಗ್ಗ ಎನ್ನುವುದು ನಮ್ಮದು ಇಷ್ಟೇಕೆ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ತೆರಿಗೆಯನ್ನಾದರೂ ಬಜೆಟ್, ಅಧಿಸೂಚನೆ ಎಂದು ಎಲ್ಲೋ ಒಂದು ಕಡೆ ಬರೆದಿಡುತ್ತಾರೆ. ಉಳಿದ 53 ರೂಪಾಯಿಯೇ ಕತ್ತಲ ಕೋಣೆ. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಕಚ್ಚಾ ತೈಲ 70 ಡಾಲರ್, ಡಾಲರ್‌ಗೆ 86 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ 38 ರೂಪಾಯಿ ಬೀಳುತ್ತದೆ. ಬ್ಯಾರೆಲ್‌ಗೆ ಒಂದು ಡಾಲರ್ ಹೆಚ್ಚುಕಮ್ಮಿಯಾದರೆ ಲೀಟರಿಗೆ 54 ಪೈಸೆ. 38ಕ್ಕೂ 53ಕ್ಕೂ ನಡುವಿನ ಹದಿನೈದು ರೂಪಾಯಿಯಲ್ಲಿ ಶುದ್ಧೀಕರಣದ ಖರ್ಚು, ಅದರ ಲಾಭ, ಸಾಗಾಟ, ಮಾರಾಟದ ಮಾರ್ಜಿನ್ (ಮಾರಿದಾಗ ಕಂಪನಿಗೆ ಉಳಿಯುವ ಪಾಲು) ಎಲ್ಲ ಸೇರಿದೆ. ಯಾವುದಕ್ಕೆ ಎಷ್ಟು ಎಂದು ಗ್ರಾಹಕನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಇಲ್ಲಿ ನಮ್ಮ ಕರಾವಳಿಯ ಒಂದು ಉದಾಹರಣೆ ಕೊಡಬೇಕು. ಬೆಂಗಳೂರಿಗೆ ಬರುವ ಇಂಧನದಲ್ಲಿ ದೊಡ್ಡ ಪಾಲು ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದ ಕಡೆಯಿಂದ 362 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಹತ್ತಿ, ಹಾಸನ ಹಾದು, ಹೊಸಕೋಟೆ ಬಳಿಯ ದೇವನಗೊಂದಿಗೆ ಬರುತ್ತದೆ. ಅಲ್ಲಿಂದ ಟ್ಯಾಂಕರ್‌ಗಳು ಊರಿಗೆ ಹರಡುತ್ತವೆ. ಆದರೆ ದರ ಕಟ್ಟುವಾಗ ಈ ಪೆಟ್ರೋಲ್ ಮಂಗಳೂರಿನಲ್ಲಿ ತಯಾರಾದದ್ದು ಎಂಬ ಲೆಕ್ಕವೇ ಇಲ್ಲ. 2006ರಲ್ಲಿ ರಂಗರಾಜನ್ ಸಮಿತಿಯ ಶಿಫಾರಸಿನಿಂದ ಬಂದ ಸೂತ್ರದ ಪ್ರಕಾರ ಶೇ 80 ಭಾಗ ಆಮದು ದರ, ಶೇ 20 ಭಾಗ ರಫ್ತು ದರ. ಸಿದ್ಧ ಪೆಟ್ರೋಲನ್ನೇ ಕೊಲ್ಲಿಯಿಂದ ಹಡಗಿನಲ್ಲಿ ತರಿಸಿದ್ದರೆ ಎಷ್ಟಾಗುತ್ತಿತ್ತೋ ಹೆಚ್ಚುಕಮ್ಮಿ ಅಷ್ಟು, ಬಾರದ ಹಡಗಿನ ಬಾಡಿಗೆಯೂ ಸೇರಿ. ಕಚ್ಚಾ ತೈಲ ಇಳಿದರೂ ಪೆಟ್ರೋಲ್ ಯಾಕೆ ಇಳಿಯಲ್ಲ ಎಂದು ಆಟೋ ಸ್ಟ್ಯಾಂಡಿನಲ್ಲಿ ಕೇಳುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ನಮ್ಮ ದರದ ಬಾಲ ಕಟ್ಟಿರುವುದು ಕಚ್ಚಾ ತೈಲಕ್ಕಲ್ಲ, ಹೊರದೇಶದ ಸಿದ್ಧ ಪೆಟ್ರೋಲಿನ ದರಕ್ಕೆ.

ಇನ್ನರ್ಧ ಉತ್ತರ ಕಂಪನಿಗಳ ಲೆಕ್ಕಪತ್ರದಲ್ಲಿದೆ. 2022ರ ಏಪ್ರಿಲ್ 6ರ ನಂತರ ಕಂಪನಿಗಳು ದಿನನಿತ್ಯದ ಪರಿಷ್ಕರಣೆ ನಿಲ್ಲಿಸಿದವು. ಮೇ ತಿಂಗಳಲ್ಲಿ ಕೇಂದ್ರ ಸುಂಕ ಇಳಿಸಿದ್ದರಿಂದ ಬೆಂಗಳೂರಿನ ದರ 101.94 ಆಯಿತು. 22 ತಿಂಗಳು ಅಲ್ಲೇ ಕೂತಿತು. ರಷ್ಯಾ–ಉಕ್ರೇನ್ ಯುದ್ಧದಿಂದ 2022ರ ಜೂನ್‌ನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ 116 ಡಾಲರ್ ಮುಟ್ಟಿತ್ತು. ಆಗ ಕಂಪನಿಗಳು ನಿಜಕ್ಕೂ ಕೈಯಿಂದ ಕಳೆದುಕೊಂಡವು. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರರದ್ದೂ ಸೇರಿ 2022–23ರ ನಿವ್ವಳ ಲಾಭ ಸಾವಿರದ ನೂರು ಕೋಟಿ ಚಿಲ್ಲರೆ. ಅದರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಒಂದರದೇ 8,974 ಕೋಟಿ ನಷ್ಟ, ಯಾಕೆಂದರೆ ತಾನು ಶುದ್ಧೀಕರಿಸುವುದಕ್ಕಿಂತ ಹೆಚ್ಚು ಮಾರುವ ಕಂಪನಿ ಅದು. ಕೊಂಡು ಮಾರುವವನಿಗೆ ನಿಂತ ದರದ ಹೊಡೆತ ಜೋರು.

ಮರುವರ್ಷ ಗಾಳಿ ತಿರುಗಿತು. ಕಚ್ಚಾ ತೈಲದ ವಾರ್ಷಿಕ ಸರಾಸರಿ 93 ಡಾಲರ್‌ನಿಂದ 82.58ಕ್ಕೆ ಇಳಿಯಿತು. ಮೊದಲು ಶೇ 2ಕ್ಕಿಂತ ಕಡಿಮೆ ಇದ್ದ ರಷ್ಯಾ ತೈಲ ಆ ವರ್ಷ ಆಮದಿನ ಮೂರನೇ ಒಂದಕ್ಕಿಂತ ಹೆಚ್ಚಾಯಿತು, ಅದೂ ರಿಯಾಯಿತಿಯಲ್ಲಿ. ಬೆಂಗಳೂರಿನ ದರ ಅದೇ 101.94. ವರ್ಷದ ಕೊನೆಗೆ ಇಂಡಿಯನ್ ಆಯಿಲ್‌ಗೆ 39,619 ಕೋಟಿ, ಭಾರತ್ ಪೆಟ್ರೋಲಿಯಂಗೆ 26,673 ಕೋಟಿ, ಹಿಂದೂಸ್ತಾನ್ ಪೆಟ್ರೋಲಿಯಂಗೆ 14,694 ಕೋಟಿ ಲಾಭ. ಒಟ್ಟು ಸುಮಾರು 81 ಸಾವಿರ ಕೋಟಿ. ಹಿಂದಿನ ವರ್ಷಕ್ಕೆ ಹೋಲಿಸಿ "ಎಪ್ಪತ್ತು ಪಟ್ಟು" ಎಂದು ಅಬ್ಬರಿಸುವುದು ಸರಿಯಲ್ಲ, ಹಿಂದಿನ ವರ್ಷ ಅಷ್ಟು ಕೆಟ್ಟದಾಗಿತ್ತು. ಕಂಪನಿಗಳ ವಾದವೂ ಅದೇ: ಕಷ್ಟಕಾಲದಲ್ಲಿ ನಿಮಗೆ ಬಿಸಿ ತಟ್ಟದಂತೆ ನೋಡಿಕೊಂಡೆವು, ಈಗ ಆ ಬಾಕಿ ತೀರಿಸಿಕೊಳ್ಳುತ್ತಿದ್ದೇವೆ.

ಈ ವಾದದಲ್ಲಿ ತಿರುಳಿದೆ. 116 ಡಾಲರ್‌ನ ತಿಂಗಳಲ್ಲಿ ಪೂರ್ತಿ ದರ ಬೋರ್ಡಿಗೆ ಬಂದಿದ್ದರೆ ತರಕಾರಿ ಗಾಡಿಯಿಂದ ಹಿಡಿದು ಶಾಲಾ ವ್ಯಾನಿನವರೆಗೆ ಎಲ್ಲ ಏರುತ್ತಿತ್ತು. ಏರಿಳಿತವನ್ನು ಯಾರೋ ನಡುವೆ ನಿಂತು ಹೀರಿಕೊಳ್ಳುವುದು ಕೆಟ್ಟದ್ದಲ್ಲ. ನನ್ನ ತಕರಾರು ಬೇರೆ. ನಾನು ಬಾಕಿ ಉಳಿಸಿಕೊಂಡಿದ್ದೇನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಬಾಕಿ, ಯಾವತ್ತು ತೀರಿತು, ತೀರಿದ ಮೇಲೂ ಎಷ್ಟು ದಿನ ವಸೂಲಾಯಿತು? ಬೀದಿಕೊನೆಯ ಅಂಗಡಿಯಲ್ಲಿ ಸಾಲ ತಂದರೆ ಶೆಟ್ಟರು ಕನಿಷ್ಠ ಒಂದು ಪುಸ್ತಕ ಇಡುತ್ತಾರೆ. ಬಾಕಿ ತೀರಿದ ಮೇಲೆ ಗೀಟು ಎಳೆಯುತ್ತಾರೆ. ಇಲ್ಲಿ ಗೀಟು ಎಳೆದದ್ದು 2024ರ ಮಾರ್ಚ್ 15ರಂದು, ಲೋಕಸಭೆ ಚುನಾವಣೆಯ ದಿನಾಂಕ ಘೋಷಣೆಯಾಗುವ ಹಿಂದಿನ ದಿನ, ಎರಡು ರೂಪಾಯಿ ಇಳಿಸಿ. ಘೋಷಣೆ ಮಾಡಿದ್ದು ಕಂಪನಿಯ ಅಧ್ಯಕ್ಷರಲ್ಲ, ಪೆಟ್ರೋಲಿಯಂ ಸಚಿವರು.

ಪುಸ್ತಕ ಇನ್ನಷ್ಟು ಗೋಜಲಾಗುವುದು ಅಡುಗೆ ಅನಿಲದಿಂದ. ಸಿಲಿಂಡರನ್ನು ಖರ್ಚಿಗಿಂತ ಕಡಿಮೆಗೆ ಮಾರಿಸುವುದು ಸರ್ಕಾರ. ನಷ್ಟ ಬೀಳುವುದು ಇದೇ ಮೂರು ಕಂಪನಿಗಳ ಮೇಲೆ. 2022ರಲ್ಲಿ ಅದಕ್ಕೆಂದು 22 ಸಾವಿರ ಕೋಟಿ, 2025ರ ಆಗಸ್ಟ್‌ನಲ್ಲಿ 30 ಸಾವಿರ ಕೋಟಿ ಪರಿಹಾರ ಮಂಜೂರಾಯಿತು. ಪರಿಹಾರ ಬರುವವರೆಗಿನ ಗುಂಡಿ ತುಂಬುವುದು ಪೆಟ್ರೋಲ್, ಡೀಸೆಲ್‌ನ ಮಾರ್ಜಿನ್. 2024–25ರಲ್ಲಿ ಮೂರೂ ಕಂಪನಿಗಳ ಲಾಭ ಸುಮಾರು 33,600 ಕೋಟಿಗೆ ಇಳಿದದ್ದರಲ್ಲಿ ಸಿಲಿಂಡರಿನ ಪಾಲು ದೊಡ್ಡದು. ಡೆಲಿವರಿ ಹುಡುಗ ನೂರು ರೂಪಾಯಿ ಪೆಟ್ರೋಲ್ ಹಾಕಿಸಿ ಯಾರದೋ ಮನೆಯ ಒಲೆಗೆ ಒಂದಿಷ್ಟು ಕೊಟ್ಟಿರುತ್ತಾನೆ. ಬಡವರ ಒಲೆಗೆ ನೆರವು ಕೊಡಲಿ, ನನ್ನ ಅಡ್ಡಿಯಿಲ್ಲ. ಆದರೆ ಅದು ಬಜೆಟ್‌ನಲ್ಲಿ ಸಬ್ಸಿಡಿ ಎಂದು ಕಾಣಬೇಕೋ, ಇನ್ನೊಬ್ಬರ ಪೆಟ್ರೋಲ್ ಬಿಲ್ಲಿನೊಳಗೆ ಅಡಗಿರಬೇಕೋ?

2025ರ ಏಪ್ರಿಲ್ 8ರ ಘಟನೆ ಇದನ್ನೆಲ್ಲ ಒಂದೇ ಏಟಿಗೆ ತೋರಿಸಿತು. ಕೇಂದ್ರ ಎಕ್ಸೈಸ್ ಸುಂಕವನ್ನು ಲೀಟರಿಗೆ ಎರಡು ರೂಪಾಯಿ ಏರಿಸಿತು. ಸಿಲಿಂಡರಿಗೆ ಐವತ್ತು ಏರಿತು. ಬಂಕಿನ ದರ ಮಾತ್ರ ಏರುವುದಿಲ್ಲ ಎಂದಿತು ಸರ್ಕಾರ. ಅಂದರೆ ಆ ಎರಡು ರೂಪಾಯಿ ಕಂಪನಿಗಳ ಮಾರ್ಜಿನ್‌ನಿಂದ ಬಂತು. ಹಾಗೆ ಕೊಡಲು ಸಾಧ್ಯವಾಯಿತು ಎಂದರೆ ಅಲ್ಲಿ ಎರಡು ರೂಪಾಯಿ ಸಡಿಲ ಇತ್ತು ಎಂದೇ ಅರ್ಥ. ಅದು ಇಳಿಕೆಯಾಗಿ ನಮಗೆ ಬರಬಹುದಾಗಿತ್ತು, ಸುಂಕವಾಗಿ ದೆಹಲಿಗೆ ಹೋಯಿತು. 2020ರ ಮೇ ತಿಂಗಳಲ್ಲಿ ಇದೇ ಆಟವನ್ನು ದೊಡ್ಡ ಮೊತ್ತಕ್ಕೆ ಆಡಿದ್ದರು. ಕೊರೊನಾದಿಂದ ಕಚ್ಚಾ ತೈಲ 20 ಡಾಲರ್‌ಗೆ ಕುಸಿದಿತ್ತು. ಪೆಟ್ರೋಲ್ ಮೇಲೆ ಒಂದೇ ರಾತ್ರಿ ಹತ್ತು, ಡೀಸೆಲ್ ಮೇಲೆ ಹದಿಮೂರು ರೂಪಾಯಿ ಸುಂಕ. 2014ರಲ್ಲಿ 9.48 ಇದ್ದ ಪೆಟ್ರೋಲ್ ಸುಂಕ 32.98 ಆಯಿತು. ಆ ಅಗ್ಗದ ತೈಲವನ್ನು ಮಂಗಳೂರು ಮತ್ತು ಉಡುಪಿಯ ಪಾದೂರಿನ ಬಂಡೆಯೊಳಗಿನ ಸಂಗ್ರಹಾಗಾರಗಳಿಗೆ ತುಂಬಿದರು. ಜಾಣ ಕೆಲಸ, ಒಪ್ಪುತ್ತೇನೆ. ನೆಲದೊಳಗೆ ಇಳಿದ ಅಗ್ಗ ನೆಲದ ಮೇಲಿನ ಬಂಕಿಗೆ ಬರಲಿಲ್ಲ.

ಪೈಪೋಟಿ ಇದ್ದಿದ್ದರೆ ಮಾರುಕಟ್ಟೆಯೇ ದರ ಇಳಿಸುತ್ತಿತ್ತು ಎನ್ನುವವರಿದ್ದಾರೆ. ಆದರೆ ದೇಶದ ಹತ್ತರಲ್ಲಿ ಒಂಬತ್ತು ಬಂಕುಗಳು ಈ ಮೂರು ಕಂಪನಿಗಳವು. ಮೂರಕ್ಕೂ ಯಜಮಾನ ಒಬ್ಬನೇ. ಎರಡರಲ್ಲಿ ಕೇಂದ್ರಕ್ಕೆ ನೇರ ಬಹುಮತ, ಮೂರನೆಯದನ್ನು 2018ರಲ್ಲಿ ಕೇಂದ್ರದ್ದೇ ಇನ್ನೊಂದು ತೈಲ ಕಂಪನಿಯಾದ ಒಎನ್‌ಜಿಸಿಗೆ ದಾಟಿಸಲಾಯಿತು. ಖಾಸಗಿಯವರ ಪಾಡು 2008ರಲ್ಲೇ ಗೊತ್ತಾಗಿತ್ತು: ಸರ್ಕಾರಿ ಬಂಕುಗಳು ನಷ್ಟಕ್ಕೆ ಮಾರುತ್ತಿದ್ದಾಗ ರಿಲಯನ್ಸ್ ತನ್ನ ಸಾವಿರಕ್ಕೂ ಹೆಚ್ಚು ಬಂಕುಗಳಿಗೆ ಬೀಗ ಹಾಕಿತ್ತು. 2022ರಲ್ಲಿ ಕೆಲವು ಖಾಸಗಿ ಬಂಕುಗಳು ಮಾರಾಟ ಕಡಿಮೆ ಮಾಡಿದಾಗ ಸರ್ಕಾರ ಎಲ್ಲ ಬಂಕುಗಳೂ ತೆರೆದಿರಬೇಕೆಂಬ ನಿಯಮ ತಂದಿತು. ಅದೇ ವರ್ಷದ ಜುಲೈನಲ್ಲಿ, ಯುದ್ಧದಿಂದ ಬಂದ ಅತಿ ಲಾಭದ ಮೇಲೆಂದು ದೇಶದೊಳಗಿನ ಕಚ್ಚಾ ತೈಲ ಮತ್ತು ಇಂಧನ ರಫ್ತಿನ ಮೇಲೆ ಹೆಚ್ಚುವರಿ ತೆರಿಗೆ ಹಾಕಿತು. 2024ರ ಡಿಸೆಂಬರ್‌ನಲ್ಲಿ ತೆಗೆಯಿತು. ಅತಿ ಲಾಭವನ್ನು ಗುರುತಿಸುವುದು ಸರ್ಕಾರಕ್ಕೆ ಬಾರದ ವಿದ್ಯೆಯೇನಲ್ಲ. ಬಂಕಿನ ಮಾರ್ಜಿನ್ ಕಡೆ ಮಾತ್ರ ಆ ಕಣ್ಣು ತಿರುಗಲಿಲ್ಲ.

ಎಥನಾಲ್ ಬಗ್ಗೆ ಎರಡು ಮಾತು. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಟ್ಯಾಂಕಿನ ಐದನೇ ಒಂದು ಭಾಗ ಈಗ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬಂದದ್ದು. ಮೆಕ್ಕೆಜೋಳದ ಎಥನಾಲ್‌ಗೆ 2025ರಲ್ಲಿ ಕಂಪನಿಗಳು ಕೊಡುತ್ತಿದ್ದ ದರ ಲೀಟರಿಗೆ 71.86. ಮೂಲ ಪೆಟ್ರೋಲಿಗಿಂತ ದುಬಾರಿ. ಕಚ್ಚಾ ತೈಲ ನಾಳೆ ಕುಸಿದರೂ ಆ ಐದನೇ ಒಂದು ಭಾಗ ಕುಸಿಯುವುದಿಲ್ಲ.

ಜಿಎಸ್‌ಟಿಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾಟ್ಸ್‌ಆ್ಯಪ್ ಆಸೆಯನ್ನೂ ಲೆಕ್ಕಕ್ಕೆ ಇಡೋಣ. ಸಂವಿಧಾನದ 279ಎ ವಿಧಿಯಲ್ಲೇ ಅದಕ್ಕೆ ಬಾಗಿಲಿದೆ. ದಿನಾಂಕ ಹೇಳಬೇಕಾದ್ದು ಜಿಎಸ್‌ಟಿ ಮಂಡಳಿ. ಅತಿ ಮೇಲಿನ ಶೇ 40ರ ದರವನ್ನೇ ಹಾಕಿದರೂ ಬೆಂಗಳೂರಿನ ಪೆಟ್ರೋಲ್ ಸುಮಾರು 80 ರೂಪಾಯಿಗೆ ಬರುತ್ತದೆ. ಲೀಟರಿಗೆ ಇಪ್ಪತ್ತೆರಡು ರೂಪಾಯಿ ಎರಡೂ ಸರ್ಕಾರಗಳ ಕೈಬಿಡುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆ ಮಂಡಳಿಯ ಲಖನೌ ಸಭೆಯಲ್ಲಿ ವಿಷಯ ಬಂದಾಗ ಇದು ಸಮಯವಲ್ಲ ಎಂದು ಎದ್ದರು. ಪಕ್ಷಭೇದವಿಲ್ಲದೆ ಒಮ್ಮತ ಮೂಡುವ ವಿಷಯಗಳಲ್ಲಿ ಇದೊಂದು. ನನಗೂ ಪೆಟ್ರೋಲ್ ಅಗ್ಗವಾಗಲೇಬೇಕೆಂಬ ಹಠವಿಲ್ಲ. ಒಂದು ಕೋಟಿಗೂ ಹೆಚ್ಚು ವಾಹನ ಇರುವ ಊರಿನಲ್ಲಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು ಬೆವತವರು ಹಾಗೆ ಕೇಳಲಾರರು. ತೆರಿಗೆ ಹಾಕಲಿ, ಹಾಕಿದ್ದನ್ನು ಹೇಳಲಿ.

ಹೇಳುವ ಪದ್ಧತಿ ನಮಗೆ ಹೊಸದೇನಲ್ಲ. ಬೆಸ್ಕಾಂ ಯೂನಿಟ್ಟಿಗೆ ಹತ್ತು ಪೈಸೆ ಏರಿಸಬೇಕಾದರೂ ವಸಂತನಗರದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕಬೇಕು, ಖರ್ಚಿನ ಪಟ್ಟಿ ಕೊಡಬೇಕು, ಸಾರ್ವಜನಿಕ ವಿಚಾರಣೆಯಲ್ಲಿ ನಿವೃತ್ತ ಎಂಜಿನಿಯರುಗಳು, ರೈತ ಮುಖಂಡರು ಎದ್ದು ಕೇಳುವ ಪ್ರಶ್ನೆಗೆ ಉತ್ತರಿಸಬೇಕು. ಆಯೋಗದ ಎಲ್ಲ ಆದೇಶವೂ ನ್ಯಾಯ ಎಂದಲ್ಲ, ಆದರೆ ಕಾರಣ ಬರವಣಿಗೆಯಲ್ಲಿರುತ್ತದೆ. ಪೆಟ್ರೋಲಿಯಂಗೂ 2006ರ ಕಾಯ್ದೆಯಡಿ ಒಂದು ನಿಯಂತ್ರಣ ಮಂಡಳಿ ಇದೆ. ಅದು ನೋಡುವುದು ಪೈಪ್‌ಲೈನ್, ನಗರ ಅನಿಲ. ಪೆಟ್ರೋಲ್ ದರ ಗೊತ್ತುಪಡಿಸುವುದು ಅದರ ಕೆಲಸವಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್ ಮಟ್ಟ 124.80 ಅಡಿಯಲ್ಲಿ ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಮಂಡ್ಯದ ರೈತ ಬೆಳಿಗ್ಗೆ ಪತ್ರಿಕೆಯಲ್ಲಿ ಓದುತ್ತಾನೆ. ಗೇಟು ತೆಗೆಯುವವರು ಅಧಿಕಾರಿಗಳೇ ಆದರೂ ನೀರಿನ ಮಟ್ಟ ಗುಟ್ಟಲ್ಲ. ತೈಲ ಕಂಪನಿಗಳ ಮಾರ್ಜಿನ್‌ಗೂ ಅಂಥದೊಂದು ದಿನದ ಅಂಕಿ ಸಾಕು: ಇವತ್ತು ಲೀಟರಿಗೆ ಲಾಭವೋ ನಷ್ಟವೋ, ಹಳೆಯ ಬಾಕಿ ಎಷ್ಟು ಉಳಿದಿದೆ, ಎಷ್ಟು ಡಾಲರಿಗೆ ಇಳಿದರೆ ದರ ಇಳಿಸುತ್ತೇವೆ.

ಅವತ್ತು ನನ್ನ ಸರದಿ ಬಂದಾಗ ಐನೂರಕ್ಕೆ ಹಾಕಿಸಿ ರಸೀದಿ ಕೇಳಿದೆ. ಕೇಳುವವರು ಕಡಿಮೆ ಇರಬೇಕು, ಬಂಕಿನವರು ಒಮ್ಮೆ ನನ್ನ ಮುಖ ನೋಡಿ ಯಂತ್ರದ ಗುಂಡಿ ಒತ್ತಿದರು. ಹಿಂದಿನ ದಿನ ಹೋಟೆಲಿನಲ್ಲಿ ಇಡ್ಲಿ–ವಡೆ ತಿಂದ ಬಿಲ್ಲು ಅದೇ ಜೇಬಿನಲ್ಲಿತ್ತು. ಅದರಲ್ಲಿ ಸಿಜಿಎಸ್‌ಟಿ ಎರಡೂವರೆ ಶೇಕಡಾ, ಎಸ್‌ಜಿಎಸ್‌ಟಿ ಎರಡೂವರೆ ಶೇಕಡಾ, ಪೈಸೆ ಸಮೇತ. ಪೆಟ್ರೋಲ್ ರಸೀದಿಯಲ್ಲಿ ದಿನಾಂಕ, ದರ 102.92, ಪ್ರಮಾಣ 4.86 ಲೀಟರ್, ಮೊತ್ತ 500.00. ಅದರಲ್ಲಿದ್ದ ಸುಮಾರು 220 ರೂಪಾಯಿ ತೆರಿಗೆಗೆ ಒಂದು ಸಾಲೂ ಇರಲಿಲ್ಲ.